ಗುರುಸಿದ್ದಮ್ಮನ ಹಗೇವು

ಸತ್ತೇಗಾಲದ ಗುರುಸಿದ್ದಮ್ಮನಿಗೆ ಅತ್ತೆಯಿಂದ ಬಂದ ಒಡವೆ ಎಂದರೆ ಕಿವಿಯ ಓಲೆ ಒಂದೇ. ಅದಕ್ಕಿಂತ ಭಾರದ್ದು ಹಿತ್ತಲ ಕಣದ ಮೂಲೆಯಲ್ಲಿದ್ದ ಹಗೇವಿನ ಉಸ್ತುವಾರಿ. ನೆಲದೊಳಗೆ ಗುಡಾಣದ ಹಾಗೆ ತೋಡಿದ ಗುಂಡಿ ಅದು. ಬಾಯಿ ಕಿರಿದು, ಹೊಟ್ಟೆ ಅಗಲ. ಸುತ್ತ ಒಣಹುಲ್ಲು ಒತ್ತಿ, ರಾಗಿ ಸುರಿದು, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳ ಸುಳಿಯುತ್ತಿರಲಿಲ್ಲ. ಆ ಹಗೇವಿನಲ್ಲಿ ಮೂರು ಮನೆಯ ರಾಗಿ ಇರುತ್ತಿತ್ತು: ಅವಳದು, ಎದುರುಮನೆ ಮಾದಣ್ಣನದು, ಪಕ್ಕದ ಮನೆ ದೊಡ್ಡಬಸಮ್ಮನದು. ಮೂರೂ ಮನೆಯವರು ಬಂದು ನಿಲ್ಲದೆ ಚಪ್ಪಡಿ ಸರಿಸುವಂತಿಲ್ಲ. ಒಮ್ಮೆ ಬಾಯಿ ತೆರೆದರೆ ಪೂರ್ತಿ ಬರಿದು ಮಾಡಬೇಕು, ಯಾಕೆಂದರೆ ಗಾಳಿಯಾಡಿದ ರಾಗಿ ಮತ್ತೆ ಒಳಗೆ ನಿಲ್ಲುವುದಿಲ್ಲ.

ಈ ವಿಷಯದಲ್ಲಿ ಗುರುಸಿದ್ದಮ್ಮನಿಗೆ ತುಸು ಜಂಬವೂ ಇತ್ತು. ಕೆರ ಮೆಟ್ಟಿಕೊಂಡು ಚಪ್ಪಡಿಯ ಮೇಲೆ ಕಾಲಿಟ್ಟವನು ಊರ ಗೌಡನಾದರೂ ಬೈಸಿಕೊಳ್ಳದೆ ಹೋಗುತ್ತಿರಲಿಲ್ಲ. ಅವಳು ಮುಚ್ಚಿದ ಹಗೇವಿನಲ್ಲಿ ಒಂದು ಹಿಡಿಯೂ ಕೆಟ್ಟಿದ್ದಿಲ್ಲ ಎಂದು ಬೀದಿಯೇ ಹೇಳುತ್ತಿತ್ತು, ಬೀದಿ ಮರೆತರೆ ಅವಳೇ ನೆನಪಿಸುತ್ತಿದ್ದಳು.

ಕಣದ ಹಿಂದಿನದು ಹುರುಳಿ ಬೆಳೆಯುವ ಬೆದ್ದಲು. ಅಲ್ಲಿದ್ದ ಬಾವಿಯಿಂದ ಎತ್ತು ಕಟ್ಟಿ ಕಪಿಲೆ ಹೊಡೆದರೆ ಒಂದೆರಡು ಮಡಿಗೆ ನೀರು ಸಿಗುತ್ತಿತ್ತು. ಬಿಸಿಲೇರಿ ಎತ್ತು ನಾಲಗೆ ಚಾಚಿದರೆ ಮುಗಿಯಿತು, ಅವತ್ತಿನ ನೀರು ಅಷ್ಟೇ. ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿ ಹತ್ತು ಹನ್ನೆರಡು ವರ್ಷಕ್ಕೆ ಊರಿಗೆ ಕಂಬ ಬಂತು, ತಂತಿ ಬಂತು. ಅವಳ ಮಗ ಪುಟ್ಟಬಸಪ್ಪ ಬಾವಿಗೆ ಮೋಟಾರು ಇಳಿಸಿ, ಹುರುಳಿ ಹೊಲವನ್ನು ಗದ್ದೆ ಮಾಡಿ ಬೇಸಿಗೆ ಭತ್ತ ನಾಟಿ ಹಾಕಿಸಿದ. ಕರೆಂಟಿಗೆ ಮಾತ್ರ ಹೊತ್ತು ಗೊತ್ತು ಇರಲಿಲ್ಲ. ಅದು ಯಾವಾಗ ಬಂದರೂ ಮೋಟಾರು ತಾನೇ ಓಡಲಿ ಎಂದು ಸ್ಟಾರ್ಟರಿನ ಗುಂಡಿಗೆ ಬಿದಿರುಕಡ್ಡಿ ಸಿಕ್ಕಿಸಿ ಬಿಟ್ಟುಹೋಗುವುದು ಊರಿನ ಗಂಡಸರು ಕಂಡುಕೊಂಡ ಉಪಾಯ. ಪುಟ್ಟಬಸಪ್ಪನೂ ಹಾಗೇ ಮಾಡಿದ. ಎತ್ತಿಗೆ ಸುಸ್ತಾಗುತ್ತಿತ್ತು, ಮೋಟಾರಿಗೆ ಎಲ್ಲಿಯ ಸುಸ್ತು? ಗದ್ದೆ ತುಂಬಿ ಬದು ಜಿನುಗಿದರೂ ನೋಡುವವರಿಲ್ಲದೆ ನೀರು ಬೀಳುತ್ತಿತ್ತು.

ಯುಗಾದಿಯ ಬೆಳಿಗ್ಗೆ ಕಣ ಸಾರಿಸಲು ಹೋದ ಗುರುಸಿದ್ದಮ್ಮನಿಗೆ ಚಪ್ಪಡಿಯ ಅಂಚಿನಲ್ಲಿ ಹಸಿರು ಗರಿಕೆ ಕಂಡಿತು. ಅಂಥ ಬಿಸಿಲಿನಲ್ಲಿ ಅಲ್ಲಿ ಗರಿಕೆ ಚಿಗುರಬಾರದು. ಅಂಗೈ ಊರಿ ನೋಡಿದಳು, ನೆಲ ತಣ್ಣಗಿತ್ತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕಬ್ಬಿಣದ ಸಲಾಕೆಯನ್ನು ಚಪ್ಪಡಿಯ ಸಂದಿನಿಂದ ಇಳಿಸಿ ಎಳೆದು ಮೂಗಿಗೆ ಹಿಡಿದಳು. ಹಳಸಿದ ಹಿಟ್ಟಿನ ಹುಳಿ ವಾಸನೆ. ಸಲಾಕೆಯನ್ನು ಸೆರಗಿನಲ್ಲಿ ಒರೆಸಿ, ಸಂದಿಗೆ ಮಣ್ಣು ಮೆತ್ತಿ ಒಳಗೆ ಬಂದಳು. ಹೋಳಿಗೆಯ ಹೂರಣ ರುಬ್ಬುವಾಗಲೂ ಆ ವಾಸನೆ ಸೆರಗಿನಿಂದ ಬರುತ್ತಲೇ ಇತ್ತು.

ಊಟವಾದ ಮೇಲೆ ಮಗನಿಗೆ ಮೆಲ್ಲಗೆ ಹೇಳಿದಳು.

"ನೀರು ಹಗೇವಿಗೆ ಇಳೀತಾ ಅದೆ ಕಣ್ಲಾ. ಮೋಟಾರು ನಿಲ್ಸು."

ಪುಟ್ಟಬಸಪ್ಪನ ಮುಖ ಸಣ್ಣದಾಯಿತು. "ತೆನೆ ಹಾಲು ಕಟ್ತಾ ಅದೆ ಕಣವ್ವ. ಈಗ ನೀರು ನಿಲ್ಸುದ್ರೆ ಎಲ್ಲಾ ಜೊಳ್ಳಾಯ್ತದೆ. ಬದು ಎತ್ತರ ಮಾಡ್ತೀನಿ, ಒಸಿ ದಿನ ತಡಿ. ಯಾರ್ಗೂ ಹೇಳಬ್ಯಾಡ."

ತಡೆಯುವುದು ತಪ್ಪೆಂದು ಅವಳಿಗೆ ಗೊತ್ತಿತ್ತು. ಆದರೆ ಹಗೇವು ತೆರೆಸಬೇಕೆಂದರೆ ಎರಡು ಮನೆಯವರನ್ನು ಕರೆಯಬೇಕು, ತನ್ನ ಮಗನ ನೀರೇ ನಿಮ್ಮ ಅನ್ನ ಕೆಡಿಸಿತು ಎನ್ನಬೇಕು. ಇಷ್ಟು ವರ್ಷ ಮೆರೆಸಿಕೊಂಡು ಬಂದ ಹೆಸರು ಏನಾಗಬೇಕು? ಬದು ಎತ್ತರವಾದರೆ ಒಳಗಿನ ಹಸಿ ಆರಲೂಬಹುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಬಾಯಿ ಮುಚ್ಚಿಕೊಂಡಳು.

ದಿನವೂ ಸಂಜೆ ದೊಡ್ಡಬಸಮ್ಮ ಚೊಂಬು ಹಿಡಿದು ಮಜ್ಜಿಗೆಗೆ ಬರುತ್ತಿದ್ದಳು. ಗಂಡನಿಲ್ಲದ ಹೆಂಗಸು, ಕೂಲಿ ಮಾಡಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಳು. ಕಣದಾಚೆಯ ತನ್ನ ತುಂಡು ಹೊಲದ ರಾಗಿಯಲ್ಲಿ ಒಂದಿಷ್ಟು ಮನೆಗಿಟ್ಟುಕೊಂಡು ಉಳಿದದ್ದನ್ನೆಲ್ಲ ಹಗೇವಿಗೇ ಸುರಿದಿದ್ದಳು.

"ಮನೇಲಿರೋದು ಮುಗೀತಾ ಬಂತು ಕಣಕ್ಕ," ಎಂದಳು ಒಂದು ಸಂಜೆ, ಜಗಲಿಯಲ್ಲಿ ಕಾಲು ನೀಡಿಕೊಂಡು. "ಆದ್ರೂ ಹಗೇವಲ್ಲಿ ಅದಲ್ಲ ಅಂತ ನಿದ್ದೆ ಬತ್ತದೆ."

ಗುರುಸಿದ್ದಮ್ಮ ಅವತ್ತು ಚೊಂಬಿನ ಕಂಠದವರೆಗೂ ಮಜ್ಜಿಗೆ ಬಗ್ಗಿಸಿದಳು. ಅಂದಿನಿಂದ ಮುದ್ದೆ ಮುಂದಿಟ್ಟುಕೊಂಡರೆ ಸಲಾಕೆಯ ವಾಸನೆಯೇ ಬಂದಂತಾಗುತ್ತಿತ್ತು.

ಅದಾದ ಕೆಲವೇ ದಿನಕ್ಕೆ ಪುಟ್ಟಬಸಪ್ಪ ಗೊಬ್ಬರ ತರಲು ಕೊಳ್ಳೇಗಾಲಕ್ಕೆ ಹೋಗಿದ್ದಾಗ ನಡುಮಧ್ಯಾಹ್ನ ಕರೆಂಟು ಬಂತು. ಮೋಟಾರು ಗುಂಯ್ ಎಂದಿತು. ಗುರುಸಿದ್ದಮ್ಮ ಹಿತ್ತಲಿಗೆ ಬಂದು ನೋಡುತ್ತಾಳೆ, ಹೊಸದಾಗಿ ಎತ್ತರಿಸಿದ ಬದು ಕುಸಿದು ನೀರು ನೇರ ಕಣಕ್ಕೆ ಹರಿಯುತ್ತಿದೆ. ಬಾವಿಯ ಹತ್ತಿರ ಓಡಿದಳು. ಸ್ಟಾರ್ಟರಿನ ಪೆಟ್ಟಿಗೆಯಲ್ಲಿ ಬಿದಿರುಕಡ್ಡಿ ಕಾಣುತ್ತಿತ್ತು. ಅದನ್ನು ಕಿತ್ತರೆ ನಿಲ್ಲುತ್ತದೆ ಎಂದು ಗೊತ್ತು, ಮುಟ್ಟಿದರೆ ಹೊಡೆಯುತ್ತದೆ ಎಂದು ಮಗ ಹೆದರಿಸಿದ್ದೂ ಗೊತ್ತು. ಕೈ ಚಾಚಿದಳು, ಹಿಂದಕ್ಕೆ ಎಳೆದುಕೊಂಡಳು.

"ಹೋ... ಹೋ..." ಎಂದಿತು ಅವಳ ಬಾಯಿ, ಕಪಿಲೆಯ ಎತ್ತಿಗೆ ನಿಲ್ಲಲು ಹೇಳುತ್ತಿದ್ದ ಹಾಗೆ.

ಮೋಟಾರು ಕೇಳಲಿಲ್ಲ. ಅವಳಿಗೆ ಅಳು ಬಂತು. ಇನ್ನು ತಾನು ಮಾಡಬಹುದಾದದ್ದು ಒಂದೇ ಉಳಿದಿದೆ ಅನ್ನಿಸಿ, ಕೆಸರುಗಾಲಲ್ಲೇ ಬೀದಿಗೆ ಹೋಗಿ ಎರಡೂ ಬಾಗಿಲು ಬಡಿದಳು. "ಬನ್ನಿ, ಹಗೇವು ತೆಗೀಬೇಕು," ಎಂದಳು.

ಮಾದಣ್ಣ ಬಂದವನೇ ಕಡ್ಡಿ ಕಿತ್ತು ಎಸೆದ. ನೀರಿಗೆ ಅಡ್ಡ ಮಣ್ಣು ಹಾಕಿ ಚಪ್ಪಡಿ ಸರಿಸಿದಾಗ ಒಳಗಿನಿಂದ ಬಿಸಿ ಹಬೆ ಎದ್ದು ಮುಖಕ್ಕೆ ಹೊಡೆಯಿತು. ಇಳಿಬಿಟ್ಟ ಲಾಂದ್ರ ತಟ್ಟನೆ ಆರಿತು. ಆ ಗಾಳಿಗೆ ಇಳಿದರೆ ಆಳು ಉಳಿಯುವುದಿಲ್ಲ, ಆದ್ದರಿಂದ ದೀಪ ನಿಲ್ಲುವವರೆಗೂ ಮೂವರೂ ಕಣದಲ್ಲೇ ಕೂತರು.

ಬಿಸಿಲು ಇಳಿದ ಮೇಲೆ ಮಾದಣ್ಣ ಇಳಿದು ಮೊದಲ ಮಂಕರಿ ಮೇಲಕ್ಕೆ ಕೊಟ್ಟ. ಗದ್ದೆಯ ಕಡೆಯ ರಾಗಿ ಮೊಳೆತು, ಕಪ್ಪಾಗಿ, ಹೆಂಟೆ ಕಟ್ಟಿತ್ತು. ದನಕ್ಕೂ ಹಾಕುವ ಹಾಗಿರಲಿಲ್ಲ. ನಡುವಿನದು ಮಾತ್ರ ಉಳಿದಿತ್ತು, ಮೂರರಲ್ಲಿ ಒಂದು ಪಾಲಿನಷ್ಟು.

"ಒಳ್ಳೇದು ನಿಮ್ಮಿಬ್ಬರದು. ಕೆಟ್ಟಿದ್ದು ನಂದು," ಎಂದಳು ಗುರುಸಿದ್ದಮ್ಮ.

ದೊಡ್ಡಬಸಮ್ಮ ಒಂದು ಹೆಂಟೆಯನ್ನು ಕೈಯಲ್ಲಿ ಪುಡಿ ಮಾಡುತ್ತ ಕೇಳಿದಳು. "ನಿಂಗೆ ಯಾವಾಗ ಗೊತ್ತಾಯ್ತಕ್ಕ?"

ಇವತ್ತೇ ಎಂದಿದ್ದರೆ ನಂಬುತ್ತಿದ್ದಳು. ಗುರುಸಿದ್ದಮ್ಮನ ನಾಲಗೆಯ ತುದಿಗೆ ಆ ಮಾತು ಬಂದೂ ಇತ್ತು.

"ಯುಗಾದಿ ದಿನ."

"ನಾ ದಿನಾ ಬತ್ತಿದ್ನಲ್ಲಕ್ಕ."

"ಊಂ."

ದೊಡ್ಡಬಸಮ್ಮ ತನ್ನ ಪಾಲನ್ನು ಮೊರದಲ್ಲಿ ಕೇರಿ, ಚೀಲಕ್ಕೆ ತುಂಬಿಕೊಂಡು ಹೋದಳು.

ಭತ್ತ ಮಾತ್ರ ಸೊಗಸಾಗಿ ಬಂತು. ಪುಟ್ಟಬಸಪ್ಪ ತಲೆ ತಗ್ಗಿಸಿಕೊಂಡೇ ಎರಡೂ ಮನೆಗೆ ನಷ್ಟದ ಲೆಕ್ಕಕ್ಕೆ ಮಿಗಿಲಾಗಿ ಭತ್ತ ಅಳೆದುಕೊಟ್ಟ. ದೊಡ್ಡಬಸಮ್ಮ ಬೇಡವೆನ್ನಲಿಲ್ಲ, ಅವಳ ಮಕ್ಕಳು ಆ ವರ್ಷ ದಿನವೂ ಅನ್ನ ಉಂಡರು. ಬೀದಿಯಲ್ಲಿ ಸಿಕ್ಕರೆ ಅಕ್ಕ ಎಂದೇ ಮಾತಾಡಿಸುತ್ತಿದ್ದಳು. ಮರುವರ್ಷ ಅವಳ ರಾಗಿ ಅವಳ ಮನೆಯ ಅಟ್ಟಕ್ಕೆ ಹೋಯಿತು, ಮಾದಣ್ಣನದೂ ಅಷ್ಟೇ. ಹಗೇವಿಗೆ ಪುಟ್ಟಬಸಪ್ಪ ಮಣ್ಣು ತುಂಬಿಸಿದ. ಅಲ್ಲಿಂದಾಚೆ ಮೋಟಾರು ಓಡುವಷ್ಟು ಹೊತ್ತೂ ಅವನು ಬಾವಿಯ ಕಟ್ಟೆ ಬಿಟ್ಟು ಏಳುತ್ತಿರಲಿಲ್ಲ.

ಗುರುಸಿದ್ದಮ್ಮ ಬೆಳಿಗ್ಗೆ ಮೊಸರು ಕಡೆಯುವಾಗ ಅಳತೆ ತಗ್ಗಿಸಲಿಲ್ಲ. ಸಂಜೆ ಜಗಲಿಗೆ ಮಜ್ಜಿಗೆಯ ಗಡಿಗೆ ತಂದಿಟ್ಟುಕೊಂಡು ಪಕ್ಕದ ಮನೆಯ ಬಾಗಿಲು ನೋಡುತ್ತ ಕೂರುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ, ಹುಳಿ ತಿರುಗಿದ ಒಂದು ಚೊಂಬು ಮಜ್ಜಿಗೆಯನ್ನು ದಿನವೂ ಕಲಗಚ್ಚಿನ ಬಾನಿಗೆ ಸುರಿದು ಬರುತ್ತಿದ್ದಳು.