ನೋಯದ ಪಾದ

ಮಧುಗಿರಿಯ ಪಶು ಆಸ್ಪತ್ರೆಯ ಗುಮಾಸ್ತ ರೇಣುಕಯ್ಯನವರಿಗೆ ಊರಿನಲ್ಲಿ ಎರಡು ಕೆಲಸ. ಹಗಲೆಲ್ಲ ಕೂತು ಕುರಿ, ಎಮ್ಮೆಗಳ ಲಸಿಕೆಯ ವಿವರ ಬರೆಯುವುದು ಒಂದು. ಹುಟ್ಟಿನಿಂದ ಜಂಗಮರಾದ್ದರಿಂದ ಕರೆದವರ ಮನೆಗೆ ಹೋಗಿ ಪಾದ ಚಾಚಿ ಕೂರುವುದು ಇನ್ನೊಂದು. ಗೃಹಪ್ರವೇಶವಿರಲಿ, ಶ್ರಾವಣದ ಸೋಮವಾರವಿರಲಿ, ಮಣೆಯ ಮೇಲೆ ಕೂತ ಅಯ್ಯನವರ ಕಾಲನ್ನು ಹಿತ್ತಾಳೆ ತಟ್ಟೆಯಲ್ಲಿಟ್ಟು ತೊಳೆದು, ವಿಭೂತಿ ಬಳಿದು, ಬಿಲ್ವಪತ್ರೆ ಏರಿಸಿ, ಆ ನೀರನ್ನು ಮನೆಮಂದಿಯೆಲ್ಲ ತೀರ್ಥವಾಗಿ ತೆಗೆದುಕೊಂಡರೇ ಕರೆದವರಿಗೆ ಸಮಾಧಾನ. ಈ ಎರಡನೆಯ ಕೆಲಸಕ್ಕೆ ಪೆನ್ಶನ್ ಇಲ್ಲದಿದ್ದರೂ ಹೋಳಿಗೆಯಂತೂ ಇತ್ತು. ಶುಗರ್ ಬಂದಮೇಲೆ ಅದಕ್ಕೂ ಕಲ್ಲು ಬಿತ್ತು.

ಶುಗರ್ ಹೋಳಿಗೆಯನ್ನಷ್ಟೇ ಕಿತ್ತುಕೊಂಡು ಸುಮ್ಮನಾಗಲಿಲ್ಲ. ಮೊದಮೊದಲು ಕಾಲ್ಬೆರಳು ಜುಮ್ಮೆನ್ನುತ್ತಿದ್ದವು. ಆಮೇಲೆ ಜುಮ್ಮೆನ್ನುವುದೂ ನಿಂತಿತು. ಅಂಗಳದಲ್ಲಿ ಬರಿಗಾಲಲ್ಲಿ ನಿಂತರೆ ನೆಲ ಬಿಸಿಯೋ ತಂಪೋ ತಿಳಿಯದು. ಡಾಕ್ಟರು ಮುಲಾಜಿಲ್ಲದೆ ಹೇಳಿದ್ದರು: ನಿಮ್ಮ ಪಾದ ತನ್ನ ನೋವನ್ನು ತಾನು ಹೇಳುವುದಿಲ್ಲ, ದಿನಾ ಯಾರಾದರೂ ನೋಡಲೇಬೇಕು, ಒಂದು ಮುಳ್ಳು ಸಾಕು ಕಾಲು ಕಳೆದುಕೊಳ್ಳಲು. ಆ ಕೆಲಸವನ್ನು ಹೆಂಡತಿ ಇಂದ್ರಮ್ಮ ವಹಿಸಿಕೊಂಡರು. ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕೂತು, ಕನ್ನಡಕ ಏರಿಸಿ, ಗಂಡನ ಅಂಗಾಲನ್ನು ಮಡಿಲಲ್ಲಿಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಹುಡುಕಿದ ಹಾಗೆ ಹುಡುಕುತ್ತಿದ್ದರು. "ಊರೋರಿಗೆ ಈ ಪಾದಕ್ಕೆ ಹೂವು ಏರ್ಸೋ ಭಾಗ್ಯ. ಉಗುರು ಕತ್ತರಿಸೋ ಕರ್ಮ ನಂದು" ಎಂದು ಬೈಯುತ್ತಲೇ ಒಂದೊಂದು ಬೆರಳ ಸಂದಿಯನ್ನೂ ಬಿಡಿಸಿ ನೋಡುತ್ತಿದ್ದರು.

ಹೋದ ಕಾರ್ತಿಕದಲ್ಲಿ ಇಂದ್ರಮ್ಮ ಜ್ವರವೆಂದು ಮಲಗಿದವರು ಏಳಲಿಲ್ಲ. ಶಿರಾದಿಂದ ಬಂದ ಮಗಳು ಲೋಹಿತಾ ಅವ್ವನ ಮೇಲೆ ಬಿದ್ದು ಹೊರಳಾಡಿ ಅತ್ತಳು. ರೇಣುಕಯ್ಯನವರು ಸಮಾಧಿಗೆ ವಿಭೂತಿ ಇಳಿಸಿ, ಹಿಡಿ ಮಣ್ಣು ಹಾಕಿ, ಕೈ ಒದರಿಕೊಂಡು, ಹಳ್ಳಿಗಳಿಂದ ಬಂದವರಿಗೆಲ್ಲ ಕಾಫಿ ಆಯಿತೇ ಎಂದು ವಿಚಾರಿಸಿದರು. ಅದು ಧೈರ್ಯವೂ ಅಲ್ಲ, ಬಿಗುಮಾನವೂ ಅಲ್ಲ. ಅಳು ಬರಲಿ ಎಂದು ಅವರೇ ಒಳಗೊಳಗೆ ಕಾಯುತ್ತಿದ್ದರು. ಅದು ಬರಲಿಲ್ಲ. ತಿಥಿ ಕಳೆಯಿತು, ವರ್ಷ ತಿರುಗುತ್ತ ಬಂತು, ಹೆಂಡತಿಯ ಸೀರೆಗಳನ್ನು ಮಡಿಸಿ ಮಗಳಿಗೆ ಕೊಟ್ಟರು. ಆಗಲೂ ಬರಲಿಲ್ಲ.

ಬೇರೆ ಯಾರಾದರೂ ಆಗಿದ್ದರೆ ಊರು ಕಲ್ಲೆದೆಯವನು ಎಂದು ಉಗಿದು ಬಿಡುತ್ತಿತ್ತು. ಅಯ್ಯನವರಾದ್ದರಿಂದ ಹೊಗಳಿತು. "ಹೆಂಡ್ತಿ ಮಣ್ಣಿಗೋದ್ರೂ ಒಂದ್ ತೊಟ್ಟು ಕಣ್ಣೀರಿಲ್ಲ. ವೈರಾಗ್ಯ ಅಂದ್ರೆ ಅದು ಕಣ್ರಪ್ಪಾ!" ನಮ್ಮ ಜನಕ್ಕೆ ಯಾರಾದರೂ ಒಂದು ಗಳಿಗೆ ಬಾಯಿ ಮುಚ್ಚಿ ಕೂತರೆ ಸಾಕು, ಕೈ ಮುಗಿಯುವ ತುರಿಕೆ ಶುರುವಾಗುತ್ತದೆ. ಪಾದಪೂಜೆಗೆ ಕರೆಯುವವರು ಹೆಚ್ಚಾದರು. ಕೊರಟಗೆರೆಯಿಂದ ಕಾರು ಬಂತು, ಪಾವಗಡದಿಂದಲೂ ಬಂತು. ರೇಣುಕಯ್ಯನವರು ಕರೆದಲ್ಲಿಗೆ ಹೋದರು, ಕೂತರು, ಎದ್ದರು. ತನಗೆ ವೈರಾಗ್ಯವಿಲ್ಲ ಎಂದು ಹೇಳುವುದಕ್ಕೂ ಒಂದಿಷ್ಟು ಸಂಕಟವಾಗಬೇಕಲ್ಲ, ಅದೂ ಆಗುತ್ತಿರಲಿಲ್ಲ. ಆದರೆ ಜಗಲಿಯಲ್ಲಿ ಕೂತು ಕಾಲು ನೋಡಿಕೊಳ್ಳುವುದನ್ನು ಮಾತ್ರ ಅವರು ಬಿಟ್ಟೇಬಿಟ್ಟಿದ್ದರು.

ಈ ವೈರಾಗ್ಯದ ಮಾತನ್ನು ಊರಲ್ಲಿ ನಂಬದೇ ಇದ್ದವನು ಭೀಮರಾಜು ಒಬ್ಬನೇ. ಸರ್ಕಾರಿ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು, ಒಂದನೇ ಕ್ಲಾಸಿನಿಂದ ರೇಣುಕಯ್ಯನವರ ಪಕ್ಕ ಕೂತು ಓದಿದವನು. ಅವನ ಮನೆಯ ನಡುಮನೆಯಲ್ಲಿ ಬುದ್ಧನ ಪಟವಿದೆ, ಯಾರ ಕಾಲಿಗೂ ಬೀಳುವ ಪದ್ಧತಿ ಆ ಮನೆಯಲ್ಲಿಲ್ಲ. ಒಂದು ಬೆಳಿಗ್ಗೆ ಬಂದವನೇ ಬಾಗಿಲು ಬಡಿದ.

"ವೈರಾಗ್ಯವಂತೆ ವೈರಾಗ್ಯ! ಒಳಗೇ ಕೊಳೀತಿದ್ದೀಯ ಕಣ್ಲಾ ರೇಣುಕ. ಎದ್ದು ಬಾ, ಗ್ರೌಂಡಿಗೆ ಹೋಗನ."

ಹಾಗೆ ಶುರುವಾಯಿತು. ಬೆಟ್ಟದ ಬುಡದಲ್ಲಿ ಮೊದಲು ನಡಿಗೆ, ಆಮೇಲೆ ಕುಕ್ಕುಲೋಟ, ಕೊನೆಗೆ ಓಟ. ಹಾರ್ಡ್‌ವೇರ್ ಅಂಗಡಿಯ ಪ್ರಸನ್ನಕುಮಾರ ತನ್ನ ಹೊಟ್ಟೆಯೊಂದಿಗೆ ಬಂದು ಸೇರಿಕೊಂಡ. ಶುಗರಿಗೆ ಓಟ ಒಳ್ಳೆಯದೆಂದೇ ಭೀಮರಾಜು ಗೆಳೆಯನನ್ನು ಎಳೆದು ತಂದದ್ದು. ಪಾದದ ಸಂಗತಿ ಅವನಿಗೂ ಗೊತ್ತಿರಲಿಲ್ಲ. ಊರೆಲ್ಲ ಪೂಜಿಸುವ ಪಾದಕ್ಕೆ ಅರಿವೇ ಇಲ್ಲವೆಂದು ಅಯ್ಯನವರು ಯಾರ ಮುಂದೆ ಹೇಳಿಕೊಂಡಾರು! ಅಷ್ಟರಲ್ಲಿ ಯಾವುದೋ ಯುವಕ ಸಂಘದವರು ಕೊರಟಗೆರೆಯಿಂದ ಮಧುಗಿರಿಗೆ ಓಟ ಇಟ್ಟರು. ಲೆಕ್ಕಕ್ಕೆ ಅದು ಅರ್ಧ ಮ್ಯಾರಥಾನ್, ಊರ ಬಾಯಲ್ಲಿ ಪೂರ್ತಿ ಮ್ಯಾರಥಾನ್. ಮೂವರೂ ಹೆಸರು ಕೊಟ್ಟರು.

ಓಟದ ವಾರದಲ್ಲೇ ಸರಸಮ್ಮನ ಗೃಹಪ್ರವೇಶ. ಸರಸಮ್ಮ ಬಸ್ ಸ್ಟ್ಯಾಂಡಿನ ಹತ್ತಿರ ಮೆಸ್ ನಡೆಸುವ ಹೆಂಗಸು, ಗಂಡನಿಲ್ಲದೆ ಒಬ್ಬಳೇ ಮನೆ ಕಟ್ಟಿಸಿದವಳು. ಅಯ್ಯನವರ ಬಲಗಾಲು ತೊಳೆದಳು, ಎಡಗಾಲು ಎತ್ತಿದಳು. ಅಂಗಾಲಿನ ಕೆಳಗೆ ಅವಳ ಕೈ ನಿಂತುಬಿಟ್ಟಿತು. ಬಗ್ಗಿ ನೋಡಿದಳು, ತಲೆಯೆತ್ತಿ ಅಯ್ಯನವರ ಮುಖ ನೋಡಿದಳು, ಕಣ್ಣು ತುಂಬಿಕೊಂಡಳು. ಆಮೇಲೆ ಅಲ್ಲಿಗೆ ಹಿಡಿ ತುಂಬ ವಿಭೂತಿ ಮೆತ್ತಿ, ಮೇಲೊಂದು ಬಿಲ್ವಪತ್ರೆ ಒತ್ತಿದಳು. ಭಕ್ತಿ ಹೆಚ್ಚಾಗಿದೆ ಎಂದುಕೊಂಡು ರೇಣುಕಯ್ಯನವರು ಕಣ್ಣು ಮುಚ್ಚಿಕೊಂಡರು.

ಓಟದ ಹಿಂದಿನ ಸಂಜೆ ಕಾಲುಚೀಲ ಬಿಚ್ಚಲು ಹೋದರೆ ಅದು ಎಡಗಾಲಿಗೆ ಅಂಟಿಕೊಂಡಿತ್ತು. ಎಳೆದರು. ಕಂದು ಕಲೆ. ಕನ್ನಡಿಯನ್ನು ನೆಲದ ಮೇಲಿಟ್ಟು ಅದರ ಮೇಲೆ ಕಾಲು ಹಿಡಿದು ನೋಡಿದರು. ಹೆಬ್ಬೆರಳ ಬುಡದಲ್ಲಿ ಕಡಲೆಬೀಜ ಕೂರುವಷ್ಟು ಗುಳಿ, ಸುತ್ತ ಬಿಳಿಚಿದ ಚರ್ಮ. ಹಿಂದೊಂದು ದಿನ ಓಡಿ ಬಂದು ಶೂ ಕೊಡವಿದಾಗ ಒಂದು ಜಲ್ಲಿಚೂರು ಉದುರಿದ್ದು ನೆನಪಾಯಿತು. ಆವತ್ತು ಉದ್ದಕ್ಕೂ ಅದರ ಮೇಲೇ ಓಡಿದ್ದರು. ಸರಸಮ್ಮನ ಕೈ ಯಾಕೆ ನಿಂತಿತೆಂದೂ ಆಗ ಅರ್ಥವಾಯಿತು. ಅವಳು ಯಾಕೆ ಹೇಳಲಿಲ್ಲವೆಂದು ಯಾರೂ ತಿಳಿಸಬೇಕಾಗಿರಲಿಲ್ಲ. ಅಯ್ಯನವರ ಪಾದದಲ್ಲಿ ಕುಂದು ಎತ್ತಿ ಆಡುವ ಬಾಯಿ ಆ ಮನೆಗಳಲ್ಲಿ ಇರುವುದಿಲ್ಲ.

ಆಸ್ಪತ್ರೆ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಅವರು ಹೋಗಲಿಲ್ಲ. ಗಾಯವನ್ನು ಬೆರಳಿನಿಂದ ಒತ್ತಿದರು, ಉಗುರಿನಿಂದ ಚುಚ್ಚಿದರು. ಯಾರದೋ ಕಾಲು ಒತ್ತಿದಂತಿತ್ತು. ಆಗ ಅವರಿಗೊಂದು ಯೋಚನೆ ಬಂತು. ಇದರ ಮೇಲೆ ಕೊರಟಗೆರೆಯಿಂದ ಇಲ್ಲಿಯವರೆಗೂ ಓಡಿದರೆ ಎಲ್ಲಾದರೂ ಒಂದು ಕಡೆ ನೋಯಲೇಬೇಕು. ಒಂದೇ ಒಂದು ಸಲ 'ಅವ್ವಾ' ಎಂದು ಚೀರುವಷ್ಟು ನೋಯಲಿ. ಕಾಲಿನ ನೋವು ದಾರಿ ತೋರಿಸಿದರೆ ಅದರ ಹಿಂದೆ ಇಂದ್ರಮ್ಮನ ನೋವೂ ಬಂದೀತು. ಹುಚ್ಚು ಎಂದರೆ ಹುಚ್ಚೇ, ಓದಿದ ಮನುಷ್ಯ ಯೋಚಿಸುವ ರೀತಿಯಲ್ಲ. ಆದರೆ ಒಂದು ವರ್ಷದಲ್ಲಿ ಅವರು ಏನನ್ನಾದರೂ ಬಯಸಿದ್ದು ಅದೇ ಮೊದಲು. ಗಾಯದ ಮೇಲೆ ಹತ್ತಿಯಿಟ್ಟು ಬಟ್ಟೆ ಸುತ್ತಿ ಮಲಗಿದರು.

ಬೆಳಿಗ್ಗೆ ಕೊರಟಗೆರೆಯಲ್ಲಿ ಪ್ರಸನ್ನಕುಮಾರ ತನ್ನ ಹೊಸ ಶೂಗೆ ಊದುಬತ್ತಿ ಬೆಳಗಿ, ನಿಂಬೆಹಣ್ಣು ತುಳಿದು ಓಟಕ್ಕೆ ನಿಂತ. "ಗಾಡಿಗೆ ಮಾಡಕ್ಕಿಲ್ವಾ, ಅಂಗೇ ಇದೂವೆ" ಎಂದ. ಮೂವರೂ ಜೊತೆಯಾಗಿ ಹೊರಟರು. ಹುಣಸೆಮರಗಳ ನೆರಳು, ಆಚೆ ಕಡ್ಲೆಕಾಯಿ ಹೊಲ, ಹಾಲಿನ ಕ್ಯಾನು ಕಟ್ಟಿದ ಬೈಕುಗಳು. ರೇಣುಕಯ್ಯನವರ ಗಮನವೆಲ್ಲ ಎಡಗಾಲಿನ ಮೇಲೆ. ಊರಿ, ಎತ್ತಿ, ಮತ್ತೆ ಬೇಕೆಂದೇ ಹೆಬ್ಬೆರಳ ಬುಡದ ಮೇಲೆ ಭಾರ ಹಾಕಿ ಊರುತ್ತಿದ್ದರು.

ನಿಂಬೆಹಣ್ಣಿನ ಕಾವಲು ಅರ್ಧ ದಾರಿಗೇ ಮುಗಿಯಿತು. ಪ್ರಸನ್ನಕುಮಾರನ ಮೀನಖಂಡ ಹಿಡಿದುಕೊಂಡು, ಅವನು ಮರದ ಬುಡದಲ್ಲಿ ಕಾಲು ಚಾಚಿ ಕೂತು ಬೊಬ್ಬೆ ಹಾಕಿದ. "ಅಯ್ಯಯ್ಯಪ್ಪೋ! ಸತ್ತೆ ಕಣ್ರೋ! ನನ್ ಕೈಲಾಗಲ್ಲ, ಬುಟ್ಟು ಹೋಗಿ!" ಭೀಮರಾಜು ನಗುತ್ತ ಅವನ ಕಾಲು ನೀವಿದ. ರೇಣುಕಯ್ಯನವರಿಗೆ ನಗು ಬರಲಿಲ್ಲ, ಕನಿಕರವೂ ಬರಲಿಲ್ಲ. ಆ ಬೊಬ್ಬೆಯನ್ನು ಕೇಳುತ್ತ ನಿಂತೇ ಇದ್ದರು. ಹಿಂದೆ ಬಂದ ಟೆಂಪೋದಲ್ಲಿ ಅವನನ್ನು ಹತ್ತಿಸಿ ಇಬ್ಬರೂ ಮುಂದೆ ಓಡಿದರು.

ಬಿಸಿಲೇರಿತು. ಭೀಮರಾಜುವಿನ ಹಳೆಯ ಮಂಡಿನೋವು ಕೆರಳಿ, ಅವನು ಹಲ್ಲು ಕಚ್ಚಿಕೊಂಡು ಉಸ್ಸೆನ್ನುತ್ತಿದ್ದ. ಮುಂದೆ ಓಡುವವರು ಸೊಂಟ ಹಿಡಿದುಕೊಳ್ಳುತ್ತಿದ್ದರು. ಅಷ್ಟೂ ಜನದಲ್ಲಿ ಏನೂ ಆಗದೆ ಓಡುತ್ತಿದ್ದವರು ಅಯ್ಯನವರೊಬ್ಬರೇ. ಮಧುಗಿರಿಯ ಬೆಟ್ಟ ಕಣ್ಣಿಗೆ ಬಿತ್ತು, ದೊಡ್ಡದಾಗುತ್ತ ಬಂತು. ಎಡ ಶೂ ಒಳಗೆ ಪಚಪಚ ಸದ್ದು ಕೇಳಿಸಿತು. ಕೇಳಿಸಿತು ಅಷ್ಟೇ.

"ಲೇ, ನಿನ್ ಶೂ ನೋಡ್ಲಾ!" ಭೀಮರಾಜು ಕಿರುಚಿದ. ಬಿಳಿ ಶೂನ ಮೂತಿ ಪೂರ್ತಿ ಕೆಂಪಾಗಿತ್ತು. "ನಿಂತ್ಕೋ. ಬಿಚ್ಚು ಅದ!"

"ನೋಯ್ತಾ ಇಲ್ಲ ಭೀಮ."

"ರಕ್ತ ಸುರೀತಾ ಐತೆ, ನೋಯ್ತಾ ಇಲ್ಲ ಅಂತೀಯಲ್ಲ!"

"ಅದಕ್ಕೇ ಓಡ್ತಿರೋದು. ನೋಯೋವರ್ಗೂ ಬುಡು ನನ್ನ."

ಭೀಮರಾಜು ಅಂಗಿ ಹಿಡಿದು ಜಗ್ಗಿದ. ರೇಣುಕಯ್ಯನವರು ಕೊಸರಿಕೊಂಡರು. ಊರು ಬಂದೇಬಿಟ್ಟಿತ್ತು. ಕುಂಟುವ ಮಂಡಿಯಲ್ಲಿ ಗೆಳೆಯ ಹಿಂದೆ ಬರುತ್ತಿದ್ದ, ಮುಂದೆ ಕೋಟೆಯ ಬುಡದಲ್ಲಿ ಶಾಮಿಯಾನ. ಇನ್ನೊಂದಿಷ್ಟು ದೂರ ಉಳಿದಿದೆ, ಈಗ ನೋಯುತ್ತದೆ, ಇಗೋ ಈಗ, ಎಂದುಕೊಳ್ಳುತ್ತ ಅವರು ಕಾಲನ್ನು ನೆಲಕ್ಕೆ ಅಪ್ಪಳಿಸಿ ಅಪ್ಪಳಿಸಿ ಓಡಿದರು. ಗೆರೆ ದಾಟಿದರು. ಯಾರೋ ಹಾರ ಹಾಕಿದರು, ಮೈಕಿನಲ್ಲಿ ಹೆಸರು ಕೂಗಿದರು, ಚಪ್ಪಾಳೆ ಬಿತ್ತು. ಬೇರೆ ಏನೂ ಬರಲಿಲ್ಲ.

ಭೀಮರಾಜು ಬಂದವನೇ ಅವರನ್ನು ಕುರ್ಚಿಗೆ ತಳ್ಳಿ, ನೆಲದಲ್ಲಿ ಕೂತು ಶೂ ಕಿತ್ತ. ಕಾಲುಚೀಲ ಹಿಂಡುವ ಹಾಗಿತ್ತು. ಅಯ್ಯನವರನ್ನು ನೋಡಲೆಂದು ಮೆಸ್ಸಿನಿಂದ ಓಡಿ ಬಂದಿದ್ದ ಸರಸಮ್ಮ ಅದನ್ನು ಕಂಡು ಸೆರಗನ್ನು ಬಾಯಿಗೊತ್ತಿಕೊಂಡಳು. ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ಅವಳೂ ಹತ್ತಿ ಕೂತಳು, ಬೇಡವೆನ್ನಲು ಯಾರಿಗೂ ಪುರಸೊತ್ತಿರಲಿಲ್ಲ.

ಡಾಕ್ಟರು ನೋಡಿ ಸುತ್ತಿ ಬಳಸದೆ ಹೇಳಿದರು. ಹೆಬ್ಬೆರಳು ಉಳಿಯುವುದಿಲ್ಲ, ತುಮಕೂರಿಗೆ ಕಳಿಸುತ್ತೇವೆ, ಪಾದ ಉಳಿದರೆ ನಿಮ್ಮ ಪುಣ್ಯ. ಗಾಡಿ ಬರುವವರೆಗೆ ನರ್ಸು ಇಕ್ಕಳ ಹಿಡಿದು ಗಾಯದೊಳಗಿನ ಮಣ್ಣು ತೆಗೆಯತೊಡಗಿದಳು. "ನೋವಾದ್ರೆ ಹೇಳಿ ಸಾರ್" ಎಂದಳು. ಮಾಂಸ ಕಾಣುತ್ತಿತ್ತು. ರೇಣುಕಯ್ಯನವರು ಗೋಡೆಯ ಮೇಲಿನ ಗಡಿಯಾರ ನೋಡುತ್ತ ಕೂತಿದ್ದರು.

ಬಾಗಿಲಲ್ಲಿ ನಿಂತಿದ್ದ ಸರಸಮ್ಮ ಎರಡೂ ಕೈ ಮುಗಿದಳು. "ಒಂದ್ಸಲಾನೂ ಅಪ್ಪಾ ಅನ್ನಲಿಲ್ವಲ್ಲ ಬುದ್ಧಿ. ಎಂಥಾ ವೈರಾಗ್ಯ ತಮ್ದು!"

"ನಂಗೆ ವೈರಾಗ್ಯ ಇಲ್ಲ ಸರಸಮ್ಮ" ಎಂದರು ರೇಣುಕಯ್ಯನವರು. ಹೇಳಬೇಕೆಂದು ಎಂದೂ ಅನ್ನಿಸದಿದ್ದ ಮಾತು ತಾನಾಗಿ ಹೊರಬಂದಿತ್ತು. "ಪಾದ ಸತ್ತೋಗಿದೆ, ಏನೂ ಗೊತ್ತಾಗಲ್ಲ. ನಮ್ಮೋಳು ಹೋದಾಗ್ಲೂ ಇಂಗೇ ಆಯ್ತು. ಏನೂ ಗೊತ್ತಾಗ್ಲಿಲ್ಲ, ಅಷ್ಟೇ."

ಸರಸಮ್ಮ ಮುಗಿದ ಕೈಯನ್ನು ಹಣೆಗೇರಿಸಿದಳು. "ದೊಡ್ಡೋರ ಬಾಯಲ್ಲಿ ಇಂಥ ಮಾತೇ ಬರೋದು. ತಿಳಿದೋರು ತಿಳಿದೆ ಅನ್ನಕ್ಕಿಲ್ಲ."

ಭೀಮರಾಜುವಿನ ಸಹನೆ ಅಲ್ಲಿಗೆ ಹರಿಯಿತು. "ಏನಮ್ಮಾ ನೀನು! ಆತ ಬಾಯಿಬುಟ್ಟು ಹೇಳ್ತಾವ್ನೆ, ಕಿವಿ ಕೇಳಕ್ಕಿಲ್ವಾ? ಅದು ಕಾಯ್ಲೆ ಕಣಮ್ಮ. ನೋವು ಗೊತ್ತಾಗದೆ ಕಾಲು ಕೊಳೆತೋಗೈತೆ. ಮೊದಲೇ ಯಾರಾದ್ರೂ ನೋಡಿ ಹೇಳಿದ್ರೆ ಬೆರಳಾದ್ರೂ ಉಳೀತಿತ್ತು!"

ಸರಸಮ್ಮನ ಕೈ ಕೆಳಗಿಳಿಯಿತು. ಅವಳು ನರ್ಸಿನ ಮುಖ ನೋಡಿದಳು. ನರ್ಸು ಹೌದೆಂದು ತಲೆಯಾಡಿಸಿದಳು.

"ನಾನು ಕಂಡಿದ್ದೆ" ಎಂದಳು ಸರಸಮ್ಮ. "ಕಾಲು ತೊಳೆಯೋವಾಗ್ಲೇ ಕಂಡಿದ್ದೆ. ಅಯ್ನೋರ ಪಾದಕ್ಕೆ ಐಬು ಹೇಳ್ಬಾರ್ದು ಅಂತ... ಅವರಿಗೆ ಗೊತ್ತಿರ್ತದೆ, ಸಹಿಸ್ಕೊಂಡವ್ರೆ ಅಂತ... ಇಬೂತಿ ಮೆತ್ತಿ ಮುಚ್ಚಿಬುಟ್ಟೆನಲ್ಲಪ್ಪೋ!"

ಅಲ್ಲೇ ಸಿಮೆಂಟು ನೆಲದ ಮೇಲೆ ಕುಸಿದು ಕೂತು ಅವಳು ಅಳತೊಡಗಿದಳು. ಮರ್ಯಾದೆಯ ಅಳುವಲ್ಲ. ಎದೆ ಬಡಿದುಕೊಂಡು, ಮೂಗು ಬಾಯಿ ಒಂದಾಗಿ, ಹೆಂಗಸರು ಹೆಣದ ಮುಂದೆ ಅಳುವ ಅಳು. ವಾರ್ಡಿನವರೆಲ್ಲ ಬಾಗಿಲಿಗೆ ಬಂದರು. ನರ್ಸು ಗದರಿಸಿದಳು. ತನ್ನ ಮಾತು ಜಾಸ್ತಿಯಾಯಿತೆಂದು ಭೀಮರಾಜು ಪೇಚಾಡಿ, ಅವಳ ಭುಜ ಹಿಡಿದು ಎಬ್ಬಿಸಲು ಹೋದ. "ಆಯ್ತು ಏಳಮ್ಮ, ನಿಂದೇನೂ ತಪ್ಪಿಲ್ಲ. ಸುಮ್ನಾಗು."

ರೇಣುಕಯ್ಯನವರು ಪಂಕ್ತಿಯಲ್ಲಿ ಉಣ್ಣುವವರನ್ನು ಹೊರಗೆ ನಿಂತು ನೋಡುವ ಹಸಿದವನಂತೆ ಅವಳನ್ನೇ ನೋಡುತ್ತಿದ್ದರು. ಕೈಯೆತ್ತಿ ಗೆಳೆಯನನ್ನು ತಡೆದರು.

"ಬುಡು ಭೀಮ, ನಿಲ್ಲಿಸ್ಬೇಡ" ಎಂದರು. ಆಮೇಲೆ ಅವಳ ಕಡೆ ಬಾಗಿ ಹೇಳಿದರು: "ಅಳು ತಾಯಿ. ನಮ್ ಇಂದ್ರಮ್ಮಂಗೂ ಸೇರಿಸಿ ಅಳು. ನನ್ ಕೈಲಿ ಆಗ್ತಾ ಇಲ್ಲ."