ನೊಣಕ್ಕೆ ಕತ್ತರಿ

ಭಾವ ಗಾಳ ಹಾಕಿ ಹಿಡಿದ ಮೊದಲ ಜೀವಿ ನಾನು. ಮೀನು ಹಿಡಿಯುವ ಸಾಮಾನಿನ ಅಂಗಡಿಯ ಹಿತ್ತಲಿನಲ್ಲಿ ಅವರು ಕೋಲು ಬೀಸುವುದನ್ನು ಕಲಿಯುತ್ತಿದ್ದಾಗ, ಹಿಂದಕ್ಕೆ ಹಾರಿದ ಕೊಕ್ಕೆ ನನ್ನ ಪ್ಯಾಂಟಿನ ಕೂರುವ ಭಾಗಕ್ಕೆ ಕಚ್ಚಿಕೊಂಡಿತು. ಅವರು ಮುಂದಕ್ಕೆ ಬೀಸಿದರು, ನಾನೂ ಮುಂದಕ್ಕೆ ಬಂದೆ. ಅಂಗಡಿಯವನು ನಗು ನುಂಗಲು ಗೋಡೆಯ ಕಡೆ ತಿರುಗಿದ.

"ಹೆದರ್ಬೇಡ," ಎಂದರು ಭಾವ. "ಹೊಲಿಗೆ ನಂದು. ಬಿಡಲ್ಲ."

ಬಿಡಲೂ ಇಲ್ಲ. ಕೊನೆಗೆ ಅಂಗಿಯ ಜೇಬಿನಿಂದ ಪುಟ್ಟ ಕತ್ತರಿ ತೆಗೆದು ದಾರ ತುಂಡು ಮಾಡಿ ನನ್ನನ್ನು ಬಿಡಿಸಿದರು. ಅಕ್ಕನ ಗಂಡ ದರ್ಜಿ. ಆ ಕತ್ತರಿ ಮೂವತ್ತೈದು ವರ್ಷದಿಂದ ಅದೇ ಜೇಬಿನಲ್ಲಿದೆ. ಎಲ್ಲಿ ನೂಲು ಎದ್ದಿರುವುದು ಕಂಡರೂ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಬಸ್ಸಿನಲ್ಲಿ ಮುಂದಿನ ಸೀಟಿನವರ ಕಾಲರಿನಿಂದ ನೂಲು ಕತ್ತರಿಸಿ ಎರಡು ಸಲ ಬೈಸಿಕೊಂಡಿದ್ದಾರೆ.

ಇಂಥವರಿಗೆ ಮೀನಿನ ಹುಚ್ಚು ಹಿಡಿದದ್ದು ಮೀನಿನಿಂದಲ್ಲ, ಭಾನುವಾರದಿಂದ. ಮೂವತ್ತೈದು ವರ್ಷದ ಭಾನುವಾರಗಳು ಊರವರ ಪ್ಯಾಂಟು ಗಿಡ್ಡ ಮಾಡುವುದರಲ್ಲೇ ಕಳೆದಿದ್ದವು. ಈಗ ಹೊಲಿಗೆ ಅಂಗಡಿ ಮಗನ ಕೈಯಲ್ಲಿದೆ. ಭಾನುವಾರವಾದರೂ ನನಗೆ ಬಿಡು ಎಂದು ಭಾವ ಕೇಳಿದರು.

"ಮನೇಲಿ ಕೂತು ಏನ್ ಮಾಡ್ತೀರಪ್ಪ?" ಎಂದ ಮಗ.

ಭಾವ ಅಂದು ಬೆಳಿಗ್ಗೆ ಕ್ಷೌರದಂಗಡಿಯ ಕ್ಯಾಲೆಂಡರಿನಲ್ಲಿ, ಸೊಂಟದವರೆಗೆ ನೀರಲ್ಲಿ ನಿಂತು ಆಕಾಶಕ್ಕೆ ದಾರ ಬೀಸುವ ಒಬ್ಬನ ಚಿತ್ರ ನೋಡಿ ಬಂದಿದ್ದರು. "ಮೀನು ಹಿಡೀತೀನಿ," ಎಂದುಬಿಟ್ಟರು.

"ಸರಿ. ಮೂರು ತಿಂಗಳಲ್ಲಿ ಒಂದು ಮೀನು. ಒಂದೇ ಒಂದು. ಹಿಡಿದ್ರೆ ಭಾನುವಾರ ಪೂರ್ತಿ ನಿಮ್ಮದು. ಇಲ್ಲಾಂದ್ರೆ ಬಂದು ನಿಮ್ಮ ಕುರ್ಚೀಲಿ ಕೂತ್ಕೊಳ್ಳಿ, ಆಲ್ಟ್ರೇಷನ್ ರಾಶಿ ಬಿದ್ದಿದೆ."

ನಮ್ಮೂರ ಹೊಳೆಯಲ್ಲಿ ಹಿಡಿದ ಮೀನನ್ನು ಮತ್ತೆ ನೀರಿಗೇ ಬಿಡಬೇಕೆಂಬ ನಿಯಮ. ಹಾಗಾಗಿ ಸಾಕ್ಷಿ ಬೇಕಾಯಿತು. ಭಾವನ ಪಾಲಿಗೆ ಭಾನುವಾರ ಬರುವ ಮೊದಲೇ ನನ್ನ ಭಾನುವಾರ ಹೋಯಿತು. ಕಾನ್ವೆಂಟಿನಲ್ಲಿ ಓದಿದ ತಪ್ಪಿಗೆ, ಸಾಮಾನಿನ ಜೊತೆ ಬಂದ ಇಂಗ್ಲಿಷ್ ಕರಪತ್ರಗಳನ್ನು ಓದಿ ಹೇಳುವ ಕೆಲಸವೂ ನನ್ನ ತಲೆಗೇ ಬಂತು.

ಈ ವಿದ್ಯೆಯಲ್ಲಿ ಎರೆಹುಳು ಇಲ್ಲ. ಕೊಕ್ಕೆಗೆ ಗರಿ, ರೋಮ, ನೂಲು ಸುತ್ತಿ ಮಾಡಿದ ಸುಳ್ಳು ನೊಣವನ್ನು ನೀರಿನ ಮೇಲೆ ಇಳಿಸಿ ಮೀನಿಗೆ ಮೋಸ ಮಾಡುವುದು. ಅಂಗಡಿಯವನು ಐದನೇ ನಂಬರಿನ ಕೋಲಿಗೆ ಐದನೇ ನಂಬರಿನ ದಾರ ಕೊಟ್ಟ. ಭಾವ ದಾರವನ್ನು ಬೆರಳಲ್ಲಿ ಉಜ್ಜಿದರು.

"ತುಂಬ ದಪ್ಪ ಆಯ್ತು. ಸಣ್ಣದಿಲ್ವಾ?"

"ನೊಣಕ್ಕೆ ತೂಕ ಇರಲ್ಲ ಸರ್. ದಾರದ ತೂಕಾನೇ ಅದನ್ನ ಹೊತ್ಕೊಂಡು ಹೋಗೋದು."

"ಕೊಕ್ಕೆ ನಂಬರು?"

"ನಂಬರು ದೊಡ್ಡದಾದಷ್ಟೂ ಕೊಕ್ಕೆ ಚಿಕ್ಕದು."

"ಕೈಸೂಜಿ ಥರ," ಎಂದು ಭಾವನ ಮುಖ ಅರಳಿತು. ಆ ಮೂರು ತಿಂಗಳಲ್ಲಿ ಅದು ಅರಳಿದ್ದು ಅಪರೂಪ, ಆದ್ದರಿಂದ ದಾಖಲಿಸುತ್ತಿದ್ದೇನೆ.

ಹೊಸಬರಿಗೆ ಆರು ನೊಣ ಸಾಕು, ತೇಲುವಂಥವು ಮೂರು, ಮುಳುಗುವಂಥವು ಮೂರು ಎಂದು ಅಂಗಡಿಯವನು ಹೇಳಿದ. ಭಾವ ಒಂದು ಗಂಟೆ ಮೀನಮೇಷ ಎಣಿಸಿದರು. ಒಂದೊಂದನ್ನೂ ಕನ್ನಡಕದ ಹತ್ತಿರ ತಂದು, "ಫಿನಿಶಿಂಗ್ ಸರಿಯಿಲ್ಲ, ರೋಮ ಎಲ್ಲ ಎದ್ದಿದೆ," ಎಂದು ಕೆಳಗಿಡುತ್ತಿದ್ದರು. "ಎಲ್ಲವೂ ಹಾಗೇ ಇರೋದು ಸರ್," ಎಂದು ಅವನು ನಾಲ್ಕು ಸಲ ಹೇಳಿದ ಮೇಲೆ ಆರೂ ತೇಲುವಂಥವನ್ನೇ ಆರಿಸಿದರು. ಮುಳುಗಿದ್ದು ಕಣ್ಣಿಗೆ ಕಾಣುವುದಿಲ್ಲವಂತೆ.

ಮನೆಯಲ್ಲಿ ಅಕ್ಕ ಡಬ್ಬಿ ತೆರೆದು ನೋಡಿದಳು. "ಅಂಗಡೀಲಿ ಕೂತು ನೊಣ ಹೊಡೆಯೋರನ್ನ ನೋಡಿದ್ದೆ. ದುಡ್ಡು ಕೊಟ್ಟು ನೊಣ ತರೋರನ್ನ ಇವತ್ತೇ ನೋಡಿದ್ದು."

ಮೊದಲ ಭಾನುವಾರ ನೀರಿಗಿಳಿದ ಐದೇ ನಿಮಿಷಕ್ಕೆ ಭಾವ ನಡುಗತೊಡಗಿದರು. ನೀರಿಗಿಳಿಯಲೆಂದು ಕೊಂಡಿದ್ದ, ಎದೆಯವರೆಗೆ ಬರುವ ರಬ್ಬರ್ ಪ್ಯಾಂಟಿನ ಸೊಂಟ ದೊಗಳೆಯಾಗಿತ್ತಂತೆ, ಹಿಂದಿನ ದಿನ ಮಿಷನ್ನಿನಲ್ಲಿ ಎರಡು ಸಾಲು ಹೊಲಿಗೆ ಹಾಕಿ ಬಿಗಿ ಮಾಡಿದ್ದರು. ಸೂಜಿ ತೂರಿದ ಒಂದೊಂದು ತೂತೂ ಒಂದೊಂದು ನಲ್ಲಿಯಾಗಿತ್ತು. ದಡಕ್ಕೆ ಬಂದು ತಲೆಕೆಳಗು ಮಾಡಿದರೆ ಅರ್ಧ ಬಕೆಟ್ ನೀರು.

"ಫಿಟಿಂಗ್ ಮಾತ್ರ ನೋಡು," ಎಂದರು.

ಅದಕ್ಕೆ ತೇಪೆ ಅಂಟಿಸಿದೆವು. ಆಮೇಲೆ ನೊಣಗಳ ಸರದಿ. ಚೆನ್ನಾಗಿ ಬೀಸಿ, ಚೆನ್ನಾಗಿ ಇಳಿಸಿದರೂ ತೇಲಬೇಕಾದ ನೊಣ ನೀರು ಮುಟ್ಟಿದ್ದೇ ಕಲ್ಲಿನ ಹಾಗೆ ಮುಳುಗುತ್ತಿತ್ತು. ಒಂದನೆಯದು ಮುಳುಗಿತು, ಆರನೆಯದೂ ಮುಳುಗಿತು. ವಾರದಿಂದ ವಾರಕ್ಕೆ ಭಾವ ದಾರವನ್ನು ಬೈದರು, ಕೋಲನ್ನು ಬೈದರು, ಹೊಳೆಯನ್ನು ಬೈದರು, ನೆರಳು ಬೀಳುವ ಕಡೆ ನಿಂತಿದ್ದಕ್ಕೆ ನನ್ನನ್ನೂ ಬೈದರು. ಎದುರು ದಡದಲ್ಲಿ ಒಬ್ಬ ಮುದುಕ ಎಡಗೈಯಲ್ಲಿ ಬನ್ನು ತಿನ್ನುತ್ತಾ ಬಲಗೈಯಲ್ಲಿ ಎರಡು ಮೀನು ಹಿಡಿದು ಬಿಟ್ಟ.

"ಅವನ ನೊಣ ತೇಲುತ್ತೆ," ಎಂದರು ಭಾವ ಹಲ್ಲು ಕಚ್ಚಿ. "ನಮಗೆ ಸೆಕೆಂಡ್ಸ್ ಮಾಲು ಕೊಟ್ಟಿದಾನೆ ಆ ಅಂಗಡಿಯೋನು."

ಹತ್ತು ವಾರ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಮೇಲೆ ಜಗಳಕ್ಕೆಂದೇ ಅಂಗಡಿಗೆ ಹೋದೆವು. ಅಂಗಡಿಯವನು ಡಬ್ಬಿ ತೆರೆದು ಒಂದು ನೊಣವನ್ನು ಬೆಳಕಿಗೆ ಹಿಡಿದ. ತಿರುಗಿಸಿ ತಿರುಗಿಸಿ ನೋಡಿದ.

"ಸರ್, ಇದರ ರೋಮ ಎಲ್ಲಿ?"

"ಎದ್ದಿತ್ತಲ್ಲ," ಎಂದರು ಭಾವ. "ನೀಟಾಗಿ ಟ್ರಿಮ್ ಮಾಡಿದೆ."

"ಆರಕ್ಕೂ?"

"ಒಂದಕ್ಕೆ ಮಾಡಿ ಇನ್ನೊಂದಕ್ಕೆ ಬಿಡೋಕಾಗುತ್ತಾ?"

"ಸರ್, ಆ ರೋಮದ ಮೇಲೇ ಅದು ನೀರಲ್ಲಿ ನಿಲ್ಲೋದು."

ಭಾವ ಜೇಬಿನ ಮೇಲೆ ಕೈಯಿಟ್ಟುಕೊಂಡರು. "ನೀವು ಮೊದಲೇ ಹೇಳ್ಬೇಕಿತ್ತು."

"ನೊಣಕ್ಕೆ ಕಟಿಂಗ್ ಮಾಡಿಸ್ಬೇಡಿ ಅಂತ ಇದುವರೆಗೆ ಯಾರಿಗೂ ಹೇಳೋ ಪ್ರಸಂಗ ಬಂದಿರ್ಲಿಲ್ಲ ಸರ್."

ಹೊಸದಾಗಿ ಎರಡು ನೊಣ ತಂದೆವು. ಅಂದಿನಿಂದ ಕತ್ತರಿ ನನ್ನ ಜೇಬಿನಲ್ಲಿ. ಒಂದು ನೊಣ ಮುಂದಿನ ವಾರ ಮರಕ್ಕೆ ಸಿಕ್ಕಿ ಅಲ್ಲೇ ಉಳಿಯಿತು. ಅದರ ಮುಂದಿನ ವಾರ ಗಾಳಿ ಎದ್ದು, ಎಸೆದ ದಾರವೆಲ್ಲ ದಡಕ್ಕೇ ವಾಪಸು ಬಂತು. ಉಳಿದದ್ದು ಒಂದು ನೊಣ, ಒಂದು ಭಾನುವಾರ.

ಕೊನೆಯ ಭಾನುವಾರ ಭಾವ ನೊಣವನ್ನು ದಾರಕ್ಕೆ ಕಟ್ಟಿ, ಅದರ ಕೆದರಿದ ರೋಮಗಳನ್ನು ನೋಡಲಾರದೆ ಮುಖ ತಿರುಗಿಸಿಕೊಂಡರು. ಬಲಗೈ ಖಾಲಿ ಜೇಬಿಗೆ ಹೋಗಿ ವಾಪಸು ಬಂತು. "ಒಂದೇ ಒಂದು ಎಳೆ ಕಣೋ, ಪಕ್ಕಕ್ಕೆ ನಿಂತಿದೆ."

"ಕೊಡಲ್ಲ ಭಾವ."

ಬೀಸಿದರು. ನೊಣ ನೀರಿನ ಮೇಲೆ ಕೂತಿತು. ಕೂತೇ ಇತ್ತು. ಇಬ್ಬರೂ ಉಸಿರು ಹಿಡಿದು ನೋಡುತ್ತಿದ್ದಾಗ ಕೆಳಗಿಂದ ಏನೋ ಬಂದು ಅದನ್ನು ಎಳೆದುಕೊಂಡಿತು. ಭಾವ ಬಾಬಿನ್ ಸುತ್ತುವವರ ಹಾಗೆ ಸುತ್ತಿ ಸುತ್ತಿ ಎಳೆದರು. ಅಂಗೈಯಷ್ಟು ಉದ್ದದ ಮೀನು. ಕೊರಳಿನ ಟೇಪು ಮನೆಯಲ್ಲಿತ್ತು, ಗೇಣಿನಲ್ಲೇ ಅಳೆದು ನೀರಿಗೆ ಬಿಟ್ಟರು. ಕಣ್ಣು ಒದ್ದೆಯಾಗಿತ್ತೋ ಏನೋ, ಮೈಯೆಲ್ಲ ಒದ್ದೆಯಾಗಿದ್ದುದರಿಂದ ಹೇಳುವುದು ಕಷ್ಟ.

ಹೊಲಿಗೆ ಅಂಗಡಿಗೆ ಬಂದು ನಾನು ಸಾಕ್ಷಿ ಹೇಳಿದೆ. ಮಗ ಟೇಪು ಕೆಳಗಿಟ್ಟ. ಅವನ ಬೆನ್ನ ಹಿಂದೆ ಆಲ್ಟ್ರೇಷನ್ ರಾಶಿ ಕಿಟಕಿಯನ್ನು ಮುಚ್ಚಿತ್ತು. ಆದರೂ ಕೊಟ್ಟ ಮಾತಿಗೆ ತಪ್ಪುವ ಹುಡುಗನಲ್ಲ.

"ಗೆದ್ರಿ ಅಪ್ಪ. ಇನ್ನು ಭಾನುವಾರ ಪೂರ್ತಿ ನಿಮ್ಮದು. ನಾನು ಕೇಳಲ್ಲ." ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಳ್ಳುತ್ತಾ ಕೇಳಿದ. "ಮುಂದಿನ ವಾರ ಎಲ್ಲಿಗೆ ಹೋಗ್ತೀರಿ?"

ಭಾವ ಹಳೆಯ ಕುರ್ಚಿಯ ದಿಂಬನ್ನು ತಟ್ಟಿ ಸರಿ ಮಾಡಿದರು, ಕಾಲು ಚಾಚಿ ಕೂತರು, ನನ್ನ ಕಡೆ ಕೈ ನೀಡಿ ಕತ್ತರಿ ವಾಪಸು ತೆಗೆದುಕೊಂಡರು.

"ಇಲ್ಲಿಗೇ. ನಿಂತೂ ನಿಂತೂ ಮಂಡಿ ಹೋಯ್ತು."