ಜರ್ಮನಿಯ ಕಲ್ಲು

ಹೈದರಾಬಾದಿನ ಮಾಲ್ ಒಂದರ ಜರ್ಮನ್ ಹೋಟೆಲಿನಲ್ಲಿ ಕಪ್ಪು ಬ್ರೆಡ್ಡು, ಹುಳಿ ಕೋಸು ತಟ್ಟೆಯ ಬದಲು ಕಲ್ಲಿನ ಹಲಗೆಯ ಮೇಲೆ ಬಂದವು.

"ಹುಷಾರವ್ವಾ, ಜರ್ಮನಿ ಕಲ್ಲದ, ಒಡದೀತು," ಎಂದು ಅವ್ವನಿಗೆ ಪಿಸುಗುಟ್ಟಿದೆ. ಜರ್ಮನಿ ಇರಲಿ, ನಾನು ಹೈದರಾಬಾದನ್ನೇ ದಾಟಿದವನಲ್ಲ.

ತಾಂಡೂರಿನ ಗಣಿಯಲ್ಲಿ ವರ್ಷಗಟ್ಟಲೆ ನೆಲಕ್ಕೆ ಹಾಸುವ ಫರಸಿ ಕಲ್ಲು ಹೊತ್ತವಳು ಅವ್ವ. ಬ್ರೆಡ್ಡು ಸರಿಸಿ, ಅಂಚಿಗೆ ಹೆಬ್ಬೆರಳು ಉಜ್ಜಿ, ಉಗುರಿನಿಂದ ತಟ್ಟಿ ನೋಡಿದಳು.

"ನಮ್ಮೂರ ನೀಲಿ ಫರಸಿ ಅದ ಇದು. ಬಚ್ಚಲದಾಗ ದಿನಾ ಇದರ ಮ್ಯಾಲೇ ನಿಂತು ಜಳಕ ಮಾಡ್ತಿ."

ನಂಬದೆ, ಊಟ ತಂದವರನ್ನು ಕೇಳಿದೆ. ತಾಂಡೂರಿನಿಂದಲೇ ತರಿಸಿದ್ದಂತೆ. ಅವ್ವ ಆಗಲೇ ಕೋಸು ತಿನ್ನತೊಡಗಿದ್ದಳು.

ಈಗ ದಿನಾ ಬೆಳಗ್ಗೆ ನಾನು ಟವೆಲ್ ಹಿಡಿದು ಬಚ್ಚಲಿಗೆ ಹೊರಟರೆ ಸಾಕು, ಅಡುಗೆಮನೆಯಿಂದ ಅವ್ವನ ದನಿ ಬರುತ್ತದೆ: "ಹುಷಾರಪ್ಪಾ, ಜರ್ಮನಿ ಕಲ್ಲದ, ಜಾರಿ ಬಿದ್ದೀ."